ಹಿಂಬದಿಯ ಹಲಗೆಯ ಮೇಲೆ ನಿಂತವರು

ಮ್ಯಾಕ್ ಕಂಪನಿಯವರು ಬೆಂಕಿ ಆರಿಸುವ ಗಾಡಿ ಕಟ್ಟುವುದನ್ನು 1990ರಲ್ಲಿ ನಿಲ್ಲಿಸಿಬಿಟ್ಟರು. ಲಾರಿ ಮಾರುವವರಿಗೆ ಅದೊಂದು ವ್ಯಾಪಾರದ ತೀರ್ಮಾನ. ಆದರೆ ಫಿಲಡೆಲ್ಫಿಯಾದ ಪಶ್ಚಿಮಕ್ಕಿರುವ ಊರುಗಳಲ್ಲಿ, ಮಾತು ಎಲ್ಲಿಂದ ಹೊರಟರೂ ಆ ಇಸವಿಗೆ ಬಂದು ನಿಂತು, ಮುಂದೆ ಏನೂ ಹೇಳದೆ ಸುಮ್ಮನಾಗುವ ಮುದುಕರನ್ನು ನಾನು ಬಲ್ಲೆ. ಅವರ ಜೊತೆ ಕೂತೂ ಕೂತೂ ಆ ಇಸವಿ ನನ್ನದೂ ಆಗಿಬಿಟ್ಟಿದೆ.

ನಾನಿರುವುದು ಇಲ್ಲಿಯವರು ಮೇನ್ ಲೈನ್ ಎಂದು ಕರೆಯುವ ಸೀಮೆಯಲ್ಲಿ. ಹಳೆಯ ಪೆನ್ಸಿಲ್ವೇನಿಯಾ ರೈಲುಮಾರ್ಗದ ಉದ್ದಕ್ಕೂ ಬೆಳೆದ ಆರ್ಡ್‌ಮೋರ್, ಬ್ರಿನ್ ಮಾರ್, ವೇಯ್ನ್ ಮೊದಲಾದ ಉಪನಗರಗಳ ಸಾಲು ಇದು. ಬೆಳಗಾದರೆ ಜನ ರೈಲು ಹತ್ತಿ ಫಿಲಡೆಲ್ಫಿಯಾಕ್ಕೆ ಕೆಲಸಕ್ಕೆ ಹೋಗುತ್ತಿದ್ದರು, ಸಂಜೆ ಮರಗಳ ನೆರಳಿನ ಮನೆಗಳಿಗೆ ಮರಳುತ್ತಿದ್ದರು. ಇಲ್ಲಿಗೆ ಬಂದ ಹೊಸತರಲ್ಲಿ ನನಗೆ ಎಲ್ಲಕ್ಕಿಂತ ಅಚ್ಚರಿ ತಂದದ್ದು ಒಂದೇ ಸಂಗತಿ: ಊರಿನ ಬೆಂಕಿ ಆರಿಸುವವರು ಸರ್ಕಾರದ ನೌಕರರಲ್ಲ, ಪಕ್ಕದ ಮನೆಯವರು. ನಲ್ಲಿ ರಿಪೇರಿ ಮಾಡುವವನು, ಹೈಸ್ಕೂಲಿನ ಗಣಿತದ ಮೇಷ್ಟ್ರು, ಔಷಧದಂಗಡಿಯವನು. ಸಂಬಳವಿಲ್ಲ. ನಡುರಾತ್ರಿ ಕೂಗು ಬಂದರೆ ಪೈಜಾಮದ ಮೇಲೇ ಕೋಟು ಎಳೆದುಕೊಂಡು ಓಡುತ್ತಾರೆ. ನಮ್ಮ ಕರ್ನಾಟಕದಲ್ಲಿ ಅಗ್ನಿಶಾಮಕ ದಳವೆಂದರೆ 1964ರ ಕಾಯಿದೆಯಡಿ ನಡೆಯುವ ರಾಜ್ಯ ಸರ್ಕಾರದ ಇಲಾಖೆ. ಗಾಡಿ ಸರ್ಕಾರದ್ದು, ಗಾಡಿಯ ಮೇಲಿನವರು ಸರ್ಕಾರಿ ನೌಕರರು. ಇಲ್ಲಿನ ಏರ್ಪಾಡನ್ನು ನೋಡಿದಾಗ ನನಗೆ ನೆನಪಾದದ್ದು ಇಲಾಖೆಯಲ್ಲ, ಸುಗ್ಗಿಯ ಕಾಲದಲ್ಲಿ ಹುಲ್ಲಿನ ಬಣವೆಗೆ ಬೆಂಕಿ ಬಿದ್ದಾಗ ಯಾರೂ ಕರೆಯದೆ ಕೊಡ ಹಿಡಿದು ಬಾವಿಯಿಂದ ಸಾಲು ನಿಲ್ಲುವ ನಮ್ಮ ಹಳ್ಳಿ. ಅದೇ ಹಳ್ಳಿ ಇಲ್ಲಿ ಕೊಡದ ಬದಲು ಲಾರಿ ಇಟ್ಟುಕೊಂಡಿತ್ತು, ಅಷ್ಟೆ.

ಇಲ್ಲಿಯೂ ಮೊದಲಿಗೆ ಇದ್ದದ್ದು ಬಕೆಟ್ಟೇ. ಬೆಂಜಮಿನ್ ಫ್ರಾಂಕ್ಲಿನ್ 1736ರಲ್ಲಿ ಫಿಲಡೆಲ್ಫಿಯಾದ ಗೆಳೆಯರನ್ನು ಸೇರಿಸಿ ಯೂನಿಯನ್ ಫೈರ್ ಕಂಪನಿ ಕಟ್ಟಿದಾಗ, ಪ್ರತಿ ಸದಸ್ಯನೂ ತನ್ನ ಖರ್ಚಿನಲ್ಲಿ ಚರ್ಮದ ಬಕೆಟ್ಟುಗಳನ್ನೂ ದಪ್ಪ ಬಟ್ಟೆಯ ಚೀಲಗಳನ್ನೂ ಮನೆಯಲ್ಲಿ ಸಿದ್ಧವಾಗಿ ಇಟ್ಟಿರಬೇಕೆಂಬುದು ಕರಾರು. ಬಕೆಟ್ಟು ನೀರಿಗೆ, ಚೀಲ ಉರಿಯುವ ಮನೆಯ ಸಾಮಾನು ಹೊತ್ತು ತರುವುದಕ್ಕೆ. ಆಮೇಲೆ ಕೈಪಂಪಿನ ಬಂಡಿಗಳು ಬಂದವು. ಎರಡೂ ತುದಿಯಲ್ಲಿ ಜನ ನಿಂತು ಉದ್ದನೆಯ ಹಿಡಿಗಳನ್ನು ಮೇಲೆ ಕೆಳಗೆ ಒತ್ತಬೇಕು. ಕೆಲವೇ ನಿಮಿಷಕ್ಕೆ ರಟ್ಟೆ ಸೋತು ಬೇರೆಯವರು ಕೈ ಹಾಕಬೇಕು. ಅಂಥ ಬಂಡಿಗಳನ್ನು ಕಟ್ಟುವುದರಲ್ಲಿ ಹೆಸರಾದ ಕಮ್ಮಾರ ಪ್ಯಾಟ್ ಲಿಯಾನ್. 1798ರಲ್ಲಿ ಫಿಲಡೆಲ್ಫಿಯಾದ ಬ್ಯಾಂಕೊಂದರಲ್ಲಿ ಕಳವಾದಾಗ, ಅದರ ಖಜಾನೆಯ ಬೀಗದ ಕೆಲಸ ಮಾಡಿದವನು ಇವನೇ ಎಂಬ ಕಾರಣಕ್ಕೆ ಗುಮಾನಿಪಟ್ಟು ಅವನನ್ನು ಜೈಲಿಗೆ ತಳ್ಳಿದರು. ನಿಜವಾದ ಕಳ್ಳ ಸಿಕ್ಕ ಮೇಲೂ ಕೂಡಲೇ ಬಿಡಲಿಲ್ಲ. ಹೊರಗೆ ಬಂದವನು ಮೊಕದ್ದಮೆ ಹೂಡಿ ಗೆದ್ದ, ಹಣವಂತನಾದ. ಮುಂದೆ ಚಿತ್ರಕಾರ ಜಾನ್ ನೀಗಲ್‌ನಿಂದ ತನ್ನ ಚಿತ್ರ ಬರೆಸಿಕೊಂಡಾಗ ದೊಡ್ಡ ಮನುಷ್ಯನ ಉಡುಪು ಬೇಡವೆಂದು ಕುಲುಮೆಯ ಮುಂದೆ ತೊಗಲಿನ ಮುಂಗವಚ ಕಟ್ಟಿಕೊಂಡೇ ನಿಂತ. ಹಿಂದೆ ಕಿಟಕಿಯಲ್ಲಿ ಅವನಿದ್ದ ಜೈಲಿನ ಗೋಪುರವೂ ಕಾಣುತ್ತದೆ. ತನ್ನನ್ನು ಕೂಡಿಹಾಕಿದ ಊರಿಗೇ ಬೆಂಕಿ ಆರಿಸುವ ಬಂಡಿ ಕಟ್ಟಿಕೊಟ್ಟ ಆ ಮನುಷ್ಯನ ಬಗ್ಗೆ ನನಗೆ ತೀರದ ಗೌರವ.

1871ರಲ್ಲಿ ಫಿಲಡೆಲ್ಫಿಯಾ ನಗರ ಸಂಬಳದ ದಳವನ್ನು ನೇಮಿಸಿತು. ಸ್ವಯಂಸೇವಕರ ಕಾಲ ನಗರದೊಳಗೆ ಮುಗಿಯಿತು. ಉಪನಗರಗಳಲ್ಲಿ ಮುಗಿಯಲಿಲ್ಲ. ಅಲ್ಲಿನ ಜನ ತಮ್ಮ ತಮ್ಮ ಕಂಪನಿಗಳನ್ನು ಕಟ್ಟಿಕೊಂಡರು, ಮನೆ ಮನೆಗೆ ಹೋಗಿ ಚಂದಾ ಎತ್ತಿ ಗಾಡಿ ಕೊಂಡರು. ದುಡ್ಡಿದ್ದ ಸೀಮೆಯಾದ್ದರಿಂದ ಹೊಸದನ್ನು ಪರೀಕ್ಷಿಸುವ ಧೈರ್ಯವೂ ಇತ್ತು. ವೇಯ್ನ್‌ನ ರ್‍ಯಾಡ್ನರ್ ಫೈರ್ ಕಂಪನಿಗೆ 1906ರಲ್ಲಿ ಮಿನೆಸೋಟಾದ ವಾಟರಸ್ ಕಾರ್ಖಾನೆಯಿಂದ ಪೆಟ್ರೋಲ್ ಪಂಪಿನ ಗಾಡಿಯೊಂದು ಬಂತು. ತನ್ನ ಬಲದಿಂದಲೇ ಓಡಿ, ತನ್ನ ಬಲದಿಂದಲೇ ನೀರೆತ್ತುವ ಗಾಡಿಗಳಲ್ಲಿ ಅಮೆರಿಕಕ್ಕೇ ಅದು ಮೊದಲನೆಯದೆಂದು ಹೇಳುತ್ತಾರೆ. ಅದರಲ್ಲಿ ಎರಡು ಇಂಜಿನ್ನು: ಒಂದು ಚಕ್ರಕ್ಕೆ, ಇನ್ನೊಂದು ಪಂಪಿಗೆ. ಒಂದೇ ಇಂಜಿನ್ನಿನಿಂದ ಎರಡೂ ಕೆಲಸ ಮಾಡಿಸುವ ಗಾಡಿಯನ್ನು ಅದೇ ಕಾರ್ಖಾನೆ ಮರುವರ್ಷ ಕ್ಯಾಲಿಫೋರ್ನಿಯಾದ ಅಲಮೀಡಾಕ್ಕೆ ಕಟ್ಟಿಕೊಟ್ಟಿತು. ನ್ಯೂಯಾರ್ಕ್ ನಗರ ತನ್ನ ಕೊನೆಯ ಕುದುರೆಗಳನ್ನು ಬೀಳ್ಕೊಟ್ಟದ್ದು 1922ರಲ್ಲಿ. ಅದಕ್ಕೂ ಹದಿನಾರು ವರ್ಷ ಮೊದಲೇ ಒಂದು ಸಣ್ಣ ಉಪನಗರದ ಸ್ವಯಂಸೇವಕರು ಕುದುರೆಯಿಲ್ಲದ ಗಾಡಿ ಹತ್ತಿ ಹೊರಟಿದ್ದರು. ಮ್ಯಾಕ್‌ನವರ ಮೊದಲ ಮೋಟಾರ್ ಪಂಪರ್ ಬಂದದ್ದೂ ಇದೇ ಸಾಲಿಗೆ: 1911ರಲ್ಲಿ ಲೋವರ್ ಮೆರಿಯನ್‌ನ ಯೂನಿಯನ್ ಫೈರ್ ಅಸೋಸಿಯೇಷನ್‌ಗೆ.

ಮ್ಯಾಕ್ ಕಾರ್ಖಾನೆ ಇದ್ದದ್ದು ದೂರವಲ್ಲ, ಉತ್ತರಕ್ಕೆ ಆಲೆನ್‌ಟೌನ್‌ನಲ್ಲಿ. ಅದಕ್ಕೇ ಇಲ್ಲಿನವರಿಗೆ ಅದು ಮನೆಯ ಬಂಡಿ. ಮೂತಿಯ ಮೇಲೊಂದು ಬುಲ್‌ಡಾಗ್ ಕೂತಿರುತ್ತದೆ. ಮುಖ್ಯ ಇಂಜಿನಿಯರ್ ಆಲ್ಫ್ರೆಡ್ ಮಸೂರಿ 1932ರಲ್ಲಿ ಆಸ್ಪತ್ರೆಯಲ್ಲಿ ಮಲಗಿದ್ದಾಗ ಕೈ ಸುಮ್ಮನಿರದೆ ಕೆತ್ತಿದ್ದು ಅದು. 1956ರಲ್ಲಿ ಕಂಪನಿ ಓಹಾಯೋದ ಬೆಕ್ ಕಾರ್ಖಾನೆಯನ್ನು ಕೊಂಡಿತು. ಆ ವ್ಯಾಪಾರದ ಜೊತೆಗೆ, ಚಾಲಕ ಇಂಜಿನ್ನಿಗಿಂತ ಮುಂದೆ ಕೂರುವ ವಿನ್ಯಾಸವೂ ಕೈಗೆ ಬಂತು. ಅದರಿಂದ ಮೊದಲು ಸಿ ಮಾದರಿ ಹುಟ್ಟಿತು, 1967ರಲ್ಲಿ ಸಿಎಫ್. ಚೌಕ ಮುಖ, ದೊಡ್ಡ ಗಾಜು, ನಡುವೆ ಕ್ರೋಮಿನ ಅಂಚು. ನಮ್ಮ ಊರಿನ ಫೈರ್ ಹೌಸ್‌ನಲ್ಲಿ ಇದ್ದದ್ದು ಅಂಥದೊಂದು.

ಆ ಗಾಡಿಯನ್ನು ನಾನು ಮೊದಲು ಹತ್ತಿರದಿಂದ ನೋಡಿದ್ದು ಯುಗಾದಿಯ ದಿನ. ಇಲ್ಲಿನ ಫೈರ್ ಹೌಸ್‌ಗಳಿಗೆ ಸಾಮಾನ್ಯವಾಗಿ ಒಂದು ದೊಡ್ಡ ಹಜಾರ, ಪಕ್ಕದಲ್ಲೇ ಅಡುಗೆಮನೆ ಇರುತ್ತದೆ. ಬಿಂಗೊ ಆಟ, ಕೋಳಿ ಊಟ, ಮದುವೆಯ ಬಾಡಿಗೆ, ಇವುಗಳಿಂದ ಬಂದ ಹಣವೇ ಹೋಸ್ ಪೈಪಾಗುತ್ತದೆ, ಟೈರಾಗುತ್ತದೆ. ಬಾಡಿಗೆ ಕಡಿಮೆಯಾದ್ದರಿಂದ ನಮ್ಮ ಕನ್ನಡದ ಮನೆಗಳವರೆಲ್ಲ ಹಬ್ಬಗಳಿಗೆ ಅದೇ ಹಜಾರವನ್ನು ಹಿಡಿಯುತ್ತಿದ್ದೆವು. ಒಳಗೆ ಬಿಸಿಬೇಳೆಬಾತಿನ ಪಾತ್ರೆ, ಮಕ್ಕಳ ಕೋಲಾಟ. ಗೋಡೆಯ ಆಚೆ ಗಾಡಿಗಳ ಸಾಲು. ಅವತ್ತು ಕಾರ್ಯಕ್ರಮದ ನಡುವೆ ಮಾಳಿಗೆಯ ಸೈರನ್ ಕೂಗಿತು. ಬಾಗಿಲು ತೆಗೆದು ಹೋದ ಮಕ್ಕಳ ಹಿಂದೆ ನಾವೂ ಓಡಿದೆವು. ರಸ್ತೆಯ ಎರಡೂ ಕಡೆಯಿಂದ ಕಾರುಗಳು ಬಂದು ಸಿಕ್ಕಲ್ಲೇ ನಿಂತವು, ಜನ ಇಳಿದರು, ಗೂಟದಿಂದ ಕೋಟು ಕಿತ್ತುಕೊಂಡರು. ನಮಗೆ ಹಜಾರದ ಬೀಗದಕೈ ಕೊಟ್ಟಿದ್ದ ಅಜ್ಜ ಈಗ ಚಾಲಕನ ಸೀಟಿನಲ್ಲಿದ್ದ. ಮೂರು ನಾಲ್ಕು ಜನ ಹಿಂಬದಿಯ ಹಲಗೆಗೆ ಹಾರಿ ಅಡ್ಡ ಸರಳು ಹಿಡಿದರು. ಮ್ಯಾಕ್ ಒಮ್ಮೆ ಮೈ ನಡುಗಿಸಿ ಹೊರಟಿತು. ನಮ್ಮ ರೇಷ್ಮೆ ಸೀರೆಗಳ ಮೇಲೆಲ್ಲ ಡೀಸೆಲ್ ಹೊಗೆಯ ವಾಸನೆ ಹತ್ತಿತ್ತು. ಯಾರೂ ಬೇಸರಪಟ್ಟುಕೊಳ್ಳಲಿಲ್ಲ.

ಆ ಹಲಗೆಯ ವಿಷಯ ಹೇಳಬೇಕು. ಗಾಡಿಯ ಹಿಂಭಾಗದಲ್ಲಿ ಮೊಣಕಾಲೆತ್ತರಕ್ಕೆ ಉಬ್ಬುಗೀರಿನ ಲೋಹದ ಹಲಗೆ, ಮೇಲೆ ಅಡ್ಡಕ್ಕೊಂದು ಸರಳು. ಅಲ್ಲಿ ನಿಂತವರ ಕಣ್ಣ ಮುಂದೆ ಮಡಿಸಿಟ್ಟ ಹೋಸಿನ ಪದರಗಳು, ಬೆನ್ನ ಹಿಂದೆ ಓಡುವ ರಸ್ತೆ. ಮಳೆಯಿರಲಿ, ಹಿಮವಿರಲಿ, ಹಾಗೇ ಹೋಗುತ್ತಿದ್ದರು. ನಮಗೆ ಅವರ ಮುಖ ಕಾಣುತ್ತಿತ್ತು. ಯಾರು ಹೋದರು, ಯಾರ ಮಗ ಇವತ್ತು ಮೊದಲ ಸಲ ನಿಂತಿದ್ದಾನೆ, ಯಾರು ತಿಂಗಳ ಹಿಂದೆ ಹೆಂಡತಿಯನ್ನು ಕಳೆದುಕೊಂಡೂ ಬಂದಿದ್ದಾನೆ, ಎಲ್ಲ ಬೀದಿಗೆ ತಿಳಿಯುತ್ತಿತ್ತು. ಮಕ್ಕಳು ಹೆಸರು ಹಿಡಿದು ಕೂಗುತ್ತಿದ್ದರು.

ಆದರೆ ಆ ಹಲಗೆಯಿಂದ ಬಿದ್ದು ಸತ್ತವರೂ ಇದ್ದರು. ತಿರುವಿನಲ್ಲಿ, ಗುಂಡಿಯಲ್ಲಿ, ಮಂಜುಗಟ್ಟಿದ ರಸ್ತೆಯಲ್ಲಿ ಕೈ ಜಾರಿ ಬಿದ್ದರು. ಎನ್‌ಎಫ್‌ಪಿಎ ಎಂಬ ರಾಷ್ಟ್ರೀಯ ಅಗ್ನಿರಕ್ಷಣಾ ಸಂಸ್ಥೆ 1987ರಲ್ಲಿ ಹೊರಡಿಸಿದ ಮಾನದಂಡ, ಓಡುವ ಗಾಡಿಯಲ್ಲಿ ಎಲ್ಲರೂ ಕೂತು ಬೆಲ್ಟ್ ಕಟ್ಟಿಕೊಂಡಿರಬೇಕೆಂದು ವಿಧಿಸಿತು. 1991ರ ಹೊತ್ತಿಗೆ ಹೊಸ ಗಾಡಿಗಳಿಗೆ ಪೂರ್ತಿ ಮುಚ್ಚಿದ ಕ್ಯಾಬಿನ್ ಬಂತು. ಇದು ಸರಿಯಾದ ತೀರ್ಮಾನ, ಇದರಲ್ಲಿ ಎರಡು ಮಾತಿಲ್ಲ. ಒಂದು ಜೀವ ಉಳಿದಿದ್ದರೂ ಸಾಕು, ನನ್ನ ಹಳಹಳಿಕೆಗೆ ಅದರ ಮುಂದೆ ಬೆಲೆಯಿಲ್ಲ. ಆದರೂ ಕಪ್ಪು ಗಾಜಿನ ಹಿಂದೆ ಅವರು ಕೂತ ದಿನದಿಂದ ಬೀದಿಗೆ ಅವರ ಮುಖ ಕಾಣದಾಯಿತು. ಗಾಡಿ ಹೋಗುತ್ತದೆ, ಒಳಗೆ ಯಾರಿದ್ದಾರೋ ಗೊತ್ತಾಗುವುದಿಲ್ಲ. ಎಷ್ಟು ಜನ ಇದ್ದಾರೆಂಬುದೂ ಗೊತ್ತಾಗುವುದಿಲ್ಲ. ಆ ಎರಡನೆಯದೇ ಮುಂದೆ ದೊಡ್ಡ ವಿಷಯವಾಯಿತು.

ಸದ್ದುಗಳೂ ಹೀಗೇ ಹೋದವು. ಹಿಂದೆ ಎಷ್ಟೋ ಊರುಗಳಲ್ಲಿ ರೈಲು ಇಂಜಿನ್ನಿನ ಚಕ್ರದ ಉಕ್ಕಿನ ಬಳೆಯನ್ನು ತೂಗುಹಾಕಿ ಸುತ್ತಿಗೆಯಿಂದ ಬಡಿದು ಜನರನ್ನು ಕರೆಯುತ್ತಿದ್ದರಂತೆ. ಆಮೇಲೆ ಮಾಳಿಗೆಯ ಸೈರನ್ ಬಂತು. ಊರಿಗೆ ಊರೇ ತಲೆಯೆತ್ತುತ್ತಿತ್ತು. ಹೆಂಗಸರು ಬಾಗಿಲಿಗೆ ಬಂದು ಹೊಗೆ ಯಾವ ದಿಕ್ಕಿಗೆ ಎಂದು ನೋಡುತ್ತಿದ್ದರು. ಸೊಂಟಕ್ಕೆ ಸಿಕ್ಕಿಸುವ ಪೇಜರ್ ಬಂದ ಮೇಲೆ ಕೂಗು ಬೇಕಾದವರ ಕಿವಿಗೆ ಮಾತ್ರ ಬೀಳತೊಡಗಿತು. ನಿದ್ದೆ ಕೆಡುತ್ತದೆಂದು ಹೊಸದಾಗಿ ಬಂದವರು ದೂರಿದ ಮೇಲೆ ಎಷ್ಟೋ ಕಡೆ ಸೈರನ್ ಬಾಯಿ ಮುಚ್ಚಿತು. ಈಗ ಎರಡು ಬೀದಿಯಾಚೆ ಮನೆ ಸುಟ್ಟದ್ದು ನಮಗೆ ಮರುದಿನ ಫೋನಿನಲ್ಲಿ ಓದಿ ತಿಳಿಯುತ್ತದೆ. ಗಾಡಿಯ ಮುಂದಿನ ಫೆಡರಲ್ ಕ್ಯೂ ಸೈರನ್ ಒಂದು ಇನ್ನೂ ಕೆಲವು ಗಾಡಿಗಳಲ್ಲಿ ಉಳಿದಿದೆ. ಅದು ಧ್ವನಿವರ್ಧಕದ ಸದ್ದಲ್ಲ, ಮೋಟಾರು ತಿರುಗಿ ಗಾಳಿಯನ್ನು ಸೀಳಿದ್ದರಿಂದ ಹುಟ್ಟುವ ಸದ್ದು. ನಿಧಾನಕ್ಕೆ ಏರುತ್ತದೆ, ಗುಂಡಿಯಿಂದ ಕಾಲು ತೆಗೆದ ಮೇಲೂ ತುಂಬ ಹೊತ್ತು ಇಳಿಯುತ್ತಲೇ ಇರುತ್ತದೆ.

ಸಾಮಾನುಗಳ ಮಾತೂ ಅದೇ. ಹತ್ತಿಯ ಹೊದಿಕೆಯ ಹೋಸುಗಳನ್ನು ಬೆಂಕಿ ಆರಿಸಿ ಬಂದ ಮೇಲೆ ತೊಳೆದು, ಎತ್ತರದ ಗೋಪುರದೊಳಗೆ ಇಳಿಬಿಟ್ಟು ಒಣಗಿಸಬೇಕಿತ್ತು. ಇಲ್ಲದಿದ್ದರೆ ಬೂಷ್ಟು ಹಿಡಿದು ಕೊಳೆಯುತ್ತಿದ್ದವು. ಎಳೆಯ ಹುಡುಗರಿಗೆ ಅದೇ ಮೊದಲ ಪಾಠ. ಕೃತಕ ನೂಲಿನ ಹೋಸು ಬಂತು, ಗೋಪುರಗಳಿಗೆ ಕೆಲಸ ಹೋಯಿತು. ಮರದ ಏಣಿಗಳು ಅಲ್ಯೂಮಿನಿಯಮ್ಮಿಗೆ ಜಾಗ ಬಿಟ್ಟವು. ತೊಡೆಯವರೆಗೆ ಎಳೆದುಕೊಳ್ಳುವ ರಬ್ಬರ್ ಬೂಟು, ಉದ್ದನೆಯ ರಬ್ಬರ್ ಕೋಟು ಹೋಗಿ ಶಾಖ ತಡೆಯುವ ಪದರಗಳ ಉಡುಪು ಬಂತು. ಹೊಗೆಯೊಳಗೆ ಮೂಗಿಗೆ ಒದ್ದೆ ಬಟ್ಟೆ ಹಿಡಿದು ನುಗ್ಗುತ್ತಿದ್ದವರ ಬೆನ್ನಿಗೆ ಗಾಳಿಯ ಸಿಲಿಂಡರು ಬಂತು. ಆ ಹೊಗೆ ಕುಡಿದು ಬೆಳೆದ ತಲೆಮಾರಿನಲ್ಲಿ ಎಷ್ಟು ಜನ ಪುಪ್ಪುಸದ ಕಾಯಿಲೆಯಿಂದ ಹೋದರೆಂಬುದನ್ನು ಅವರ ವಿಧವೆಯರಿಂದ ಕೇಳಬೇಕು. ಇದರಲ್ಲಿ ಯಾವುದನ್ನೂ ಹಿಂದಕ್ಕೆ ತರಬೇಕೆಂದು ನಾನು ಬಯಸುವುದಿಲ್ಲ. ಚರ್ಮದ ಹೆಲ್ಮೆಟ್ಟೊಂದನ್ನು ಮಾತ್ರ ಎಷ್ಟೋ ಜನ ಇವತ್ತೂ ಬಿಟ್ಟಿಲ್ಲ. ಸುಟ್ಟು ಕರಿಯಾದಷ್ಟೂ ಅದಕ್ಕೆ ಬೆಲೆ.

ಬೀಗದಕೈ ಕೊಡುತ್ತಿದ್ದ ಅಜ್ಜ ಪಂಪ್ ನಡೆಸುವುದರಲ್ಲಿ ನಿಪುಣ. ಸಿಎಫ್‌ನ ಎಡಮಗ್ಗುಲಲ್ಲಿ ಗಡಿಯಾರದಂಥ ಮಾಪಕಗಳು, ಎಳೆಯುವ ಹಿಡಿಗಳು, ಪ್ರತಿಯೊಂದರ ಕೆಳಗೂ ಹೆಸರಿನ ತಗಡು. ನಿಮಿಷಕ್ಕೆ ಸಾವಿರ ಗ್ಯಾಲನ್, ಅಂದರೆ ಮೂರು ಸಾವಿರದ ಎಂಟುನೂರು ಲೀಟರಿನಷ್ಟು ನೀರು ತಳ್ಳಬಲ್ಲ ಪಂಪು ಅದು. ಒತ್ತಡ ಹೆಚ್ಚಾದರೆ ಆ ತುದಿಯಲ್ಲಿ ಹೋಸು ಹಿಡಿದವನನ್ನು ಅದೇ ಎತ್ತಿ ಒಗೆಯುತ್ತದೆ, ಕಡಿಮೆಯಾದರೆ ಬೆಂಕಿಯ ಮಧ್ಯೆ ಅವನು ಬರಿಗೈಯಾಗುತ್ತಾನೆ. ಅಜ್ಜ ಮಾಪಕವನ್ನು ನೋಡುತ್ತಿದ್ದುದು ಕಡಿಮೆ, ಇಂಜಿನ್ನಿನ ಮೈಮೇಲೆ ಅಂಗೈ ಇಟ್ಟು ಕೇಳುತ್ತಿದ್ದುದು ಹೆಚ್ಚು. ನನಗೂ ಒಂದು ಅಭ್ಯಾಸದ ಸಂಜೆ ಕೈ ಇಡಿಸಿದ. ಒಳಗೆ ಹೋದವರ ಉಸಿರು ಇಲ್ಲಿದೆ ಎಂದ. ಆ ಅಂಗೈಯಡಿಯ ನಡುಕ ನನಗೆ ಈಗಲೂ ಗೊತ್ತು.

ಅವನು ತೀರಿಕೊಂಡಾಗ ಶವದ ಪೆಟ್ಟಿಗೆಯನ್ನು ಶವವಾಹನದಲ್ಲಿ ಒಯ್ಯಲಿಲ್ಲ. ಹೋಸುಗಳನ್ನೆಲ್ಲ ಇಳಿಸಿ, ಅವುಗಳ ಜಾಗದಲ್ಲಿ, ಅದೇ ಮ್ಯಾಕ್‌ನ ಮೇಲೆ ಇಟ್ಟರು. ಸ್ವಯಂಸೇವಕರಲ್ಲಿ ಇದು ಹಳೆಯ ಪದ್ಧತಿ. ಅಕ್ಕಪಕ್ಕದ ಊರುಗಳಿಂದ ಗಾಡಿಗಳು ಬಂದು ರಸ್ತೆಯ ಇಕ್ಕೆಲದಲ್ಲಿ ನಿಂತವು. ಇಲ್ಲಿ ಒಂದೊಂದು ಕಂಪನಿಗೂ ತನ್ನದೇ ಬಣ್ಣ. ಕೆಂಪು, ಬಿಳಿ, ಹಸಿರು, ನಿಂಬೆಯ ಹಳದಿ. ಮಣ್ಣಿನ ಬಳಿ ಗಂಟೆ ಬಾರಿಸಿದರು. ಐದು ಪೆಟ್ಟು, ಬಿಡುವು, ಮತ್ತೆ ಐದು, ಮತ್ತೆ ಐದು. ತಂತಿಯಲ್ಲಿ ಸುದ್ದಿ ಕಳಿಸುತ್ತಿದ್ದ ಕಾಲದಿಂದ ಉಳಿದುಬಂದ ಸಂಜ್ಞೆ ಅದು, ಕರ್ತವ್ಯ ಮುಗಿಸಿದವನನ್ನು ಮನೆಗೆ ಕಳಿಸುವುದಕ್ಕೆ. ನಮ್ಮ ಕಡೆಯ ಹೆಂಗಸರು ಕೆಲವರು ಹೂವು ಒಯ್ದಿದ್ದರು. ಗಾಡಿಯ ಬುಲ್‌ಡಾಗ್‌ನ ಕೊರಳಿಗೂ ಒಬ್ಬರು ಮಾಲೆ ಹಾಕಿದರು. ಯಾರೂ ತೆಗೆಯಲಿಲ್ಲ.

ಅದಾದ ಮೇಲೆ ಗಾಡಿಯನ್ನು ಮಾರಿದರು. ವೆಸ್ಟ್ ವರ್ಜಿನಿಯಾದ ಬಡ ಊರಿನವರು ಯಾರೋ ಕೊಂಡು ಓಡಿಸಿಕೊಂಡು ಹೋದರು. ಅದರ ಬಿಡಿಭಾಗ ಸಿಗುವುದೇ ಕಷ್ಟವಾಗಿತ್ತು. ಈ ಸೀಮೆಗೆ ಗಾಡಿ ಕಟ್ಟಿಕೊಡುತ್ತಿದ್ದ ಹಾನ್ ಕಂಪನಿ, ಅದೂ ಪೆನ್ಸಿಲ್ವೇನಿಯಾದ್ದೇ, ಮ್ಯಾಕ್ ನಿಲ್ಲಿಸಿದ ಆಸುಪಾಸಿನಲ್ಲೇ ಬಾಗಿಲು ಹಾಕಿತ್ತು. ಒಂದು ಕಾಲಕ್ಕೆ ಇಡೀ ದೇಶದ ಹೆಮ್ಮೆಯಾಗಿದ್ದ ಅಮೆರಿಕನ್ ಲಾಫ್ರಾನ್ಸ್ 2014ರಲ್ಲಿ ಮುಚ್ಚಿತು. ಈಗಿನ ಹೊಸ ಪಂಪರ್ ಒಂದಕ್ಕೆ ಹತ್ತು ಲಕ್ಷ ಡಾಲರಿನ ಆಸುಪಾಸು ಬೇಕು, ಉದ್ದ ಏಣಿಯ ಗಾಡಿಗೆ ಅದಕ್ಕೂ ಮೇಲೆ. ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕು. ಕೋಳಿ ಊಟ ಮಾರಿ ಕೊಳ್ಳುವ ಕಾಲ ಮುಗಿಯಿತು.

ಇನ್ನು ಜನ. 1970ರ ದಶಕದಲ್ಲಿ ಪೆನ್ಸಿಲ್ವೇನಿಯಾದಲ್ಲಿ ಸುಮಾರು 3,00,000 ಸ್ವಯಂಸೇವಕರಿದ್ದರೆಂದೂ, 2018ರ ಹೊತ್ತಿಗೆ 38,000ದಷ್ಟು ಉಳಿದಿದ್ದರೆಂದೂ ರಾಜ್ಯದ ಶಾಸಕಾಂಗಕ್ಕೆ ಆ ವರ್ಷ ಸಲ್ಲಿಸಿದ ವರದಿ ಹೇಳಿತು. ಇಡೀ ದೇಶದ ಲೆಕ್ಕ ಎನ್‌ಎಫ್‌ಪಿಎ ಬಳಿ ಇದೆ: 1984ರಲ್ಲಿ 8,97,750, 2020ರಲ್ಲಿ 6,76,900. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಮನೆಯಲ್ಲಿ ಇಬ್ಬರೂ ದುಡಿಯಬೇಕು, ಕೆಲಸ ದೂರದ ಊರಿನಲ್ಲಿ. ಮೊದಲ ಹಂತದ ತರಬೇತಿಗೇ ಇನ್ನೂರು ಗಂಟೆಗಳಷ್ಟು ಬೇಕು. ಅಜ್ಜ ದಳದಲ್ಲಿದ್ದ, ಅಪ್ಪ ದಳದಲ್ಲಿದ್ದ, ಮಗನಿಗೂ ಸೇರುವ ಆಸೆ. ಆದರೆ ಇಲ್ಲಿ ಮನೆ ಕೊಳ್ಳಲು ಅವನ ಕೈಯಲ್ಲಾಗುವುದಿಲ್ಲ. ಆ ಮನೆಗಳನ್ನು ಕೊಂಡವರು ನಮ್ಮಂಥವರು. ಒಳ್ಳೆಯ ಶಾಲೆ, ಒಳ್ಳೆಯ ಬೀದಿ ನೋಡಿ ಬಂದೆವು. ಆ ಒಳ್ಳೆಯ ಬೀದಿಯನ್ನು ಕಾಯುತ್ತಿದ್ದವರು ಯಾರೆಂದು ನಮ್ಮಲ್ಲಿ ಬಹಳ ಜನ ಕೇಳಲಿಲ್ಲ.

ಹೀಗೆ ಗಾಡಿ ದೊಡ್ಡದಾಗುತ್ತ ಬಂತು, ಅದನ್ನು ಹತ್ತುವವರು ಕಡಿಮೆಯಾಗುತ್ತ ಬಂದರು. ನಮ್ಮ ಊರಿನ ಹೊಸ ಗಾಡಿಯಲ್ಲಿ ಆರು ಜನಕ್ಕೆ ಸೀಟಿದೆ. ಹಗಲು ಹೊತ್ತು ಇಬ್ಬರನ್ನು ಹೊತ್ತು ಹೊರಡುವುದನ್ನು ನಾನು ಕಂಡಿದ್ದೇನೆ. ಎಷ್ಟೋ ಕಂಪನಿಗಳು ಒಂದರೊಳಗೊಂದು ಸೇರಿಹೋಗುತ್ತಿವೆ, ಕೆಲವು ಸಂಬಳದವರನ್ನು ಇಟ್ಟುಕೊಳ್ಳುತ್ತಿವೆ. ಸಂಬಳ ಪಡೆಯುವುದು ತಪ್ಪಲ್ಲ; ಪ್ರಾಣ ಪಣಕ್ಕಿಡುವವನಿಗೆ ಕೂಲಿ ಕೊಡಬೇಕಾದ್ದೇ ನ್ಯಾಯ. ಆದರೆ ಅಲ್ಲಿಗೆ ಊರು ತನ್ನ ಬೆಂಕಿಯನ್ನು ತಾನೇ ಆರಿಸಿಕೊಳ್ಳುತ್ತಿದ್ದ ಒಂದು ಕಾಲ ಮುಗಿಯುತ್ತದೆ, ಅದು ಸಣ್ಣ ನಷ್ಟವಲ್ಲ.

ಗಾಡಿಗಳನ್ನು ಉಳಿಸುವವರು ಇದ್ದಾರೆ. 1958ರಲ್ಲೇ ಹಳೆಯ ಫೈರ್ ಇಂಜಿನ್‌ಗಳ ಅಭಿಮಾನಿಗಳು ಒಂದು ಸಂಘ ಕಟ್ಟಿಕೊಂಡರು. ಬೇಸಿಗೆಯಲ್ಲಿ ಕೂಡಿ ಗಾಡಿ ತೊಳೆದು, ಕೆರೆಯಿಂದ ನೀರೆತ್ತಿ ಚಿಮ್ಮಿಸುತ್ತಾರೆ. ಫಿಲಡೆಲ್ಫಿಯಾದ ಹಳೆಯ ಬಡಾವಣೆಯಲ್ಲಿ, 1902ರ ಫೈರ್ ಹೌಸ್ ಒಂದರಲ್ಲೇ, ಫೈರ್‌ಮನ್ಸ್ ಹಾಲ್ ಎಂಬ ವಸ್ತುಸಂಗ್ರಹಾಲಯವಿದೆ. ಬಂಡಿಗಳೂ ಬಕೆಟ್ಟುಗಳೂ ಅಲ್ಲಿ ಚೆನ್ನಾಗಿಯೇ ಇರುತ್ತವೆ, ಅವುಗಳ ಬಗ್ಗೆ ನನಗೆ ಚಿಂತೆಯಿಲ್ಲ.

ನನ್ನ ಮಾತು ಇಲ್ಲಿನ ಉಪನಗರಗಳಲ್ಲಿ ಮನೆ ಮಾಡಿಕೊಂಡಿರುವ ನಮ್ಮವರಿಗೆ. ನಿಮ್ಮ ಊರಿನ ಫೈರ್ ಹೌಸ್‌ನಲ್ಲಿ ವಾರಕ್ಕೊಂದು ಸಂಜೆ ಅಭ್ಯಾಸ ನಡೆಯುತ್ತದೆ, ಬಾಗಿಲು ತೆರೆದಿರುತ್ತದೆ. ಮಕ್ಕಳನ್ನು ಕರೆದುಕೊಂಡು ಒಮ್ಮೆ ಹೋಗಿ. ಏಣಿ ಹತ್ತಲಾರದವರಿಗೂ ಅಲ್ಲಿ ಕೆಲಸವಿದೆ: ಲೆಕ್ಕ ಬರೆಯುವವರು ಬೇಕು, ಗಾಡಿ ಓಡಿಸುವವರು ಬೇಕು, ನಡುರಾತ್ರಿ ದಣಿದು ಬಂದವರಿಗೆ ಬಿಸಿಯಾಗಿ ಏನಾದರೂ ಕೊಡುವವರು ಬೇಕು. ವರ್ಷಕ್ಕೊಮ್ಮೆ ಬರುವ ಅವರ ಚಂದಾ ಲಕೋಟೆಯನ್ನು ಜಾಹೀರಾತುಗಳ ಜೊತೆ ಕಸಕ್ಕೆ ಹಾಕಬೇಡಿ. ಹದಿನೆಂಟು ತುಂಬಿದ ಮಗನೋ ಮಗಳೋ ಸೇರುತ್ತೇನೆಂದರೆ, ದಯವಿಟ್ಟು ಬೇಡವೆನ್ನಬೇಡಿ.